ಹಳೇ ಡಬ್ಬಾ ಟಿವಿಗೆ ಕಂಪ್ಯೂಟರ್ ಜೋಡಿಸುವುದು: ಯಾವ ದಾರಿ ಯಾರಿಗೆ?

ಮೊದಲು ಟಿವಿಯನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದು ಅದರ ಹಿಂಭಾಗ ನೋಡಿ. ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ಅಲ್ಲಿ ಯಾವ ಸಾಕೆಟ್‌ಗಳಿವೆ ಅನ್ನುವುದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ. ಉಳಿದರ್ಧ ನಿಮ್ಮ ಹತ್ತಿರ ಇರುವ ಕಂಪ್ಯೂಟರ್ ಯಾವುದು ಅನ್ನುವುದರ ಮೇಲೆ.

ದಾವಣಗೆರೆಯಲ್ಲಿ ಇಂಥ ಟಿವಿಗಳು ಇನ್ನೂ ಬೇಕಾದಷ್ಟಿವೆ. ಪಿ.ಜೆ. ಬಡಾವಣೆಯ ಹಳೇ ಮನೆಗಳ ಮಹಡಿಯಲ್ಲಿ, ವಿದ್ಯಾನಗರದ ಕಡೆ ಹುಡುಗರಿಗೆ ಬಾಡಿಗೆ ಕೊಟ್ಟ ರೂಮುಗಳಲ್ಲಿ, ಚನ್ನಗಿರಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ. ಹಾಲ್‌ಗೆ ಎಲ್‌ಇಡಿ ಬಂದ ದಿನ 21 ಇಂಚಿನ ಡಬ್ಬಾ ಟಿವಿ ಅಲ್ಲಿಗೆ ವರ್ಗ ಆಗಿರುತ್ತದೆ. ಕೆಟ್ಟಿರುವುದಿಲ್ಲ. ಗುಜರಿಗೆ ಹಾಕಿದರೆ ನೂರಿನ್ನೂರು ರೂಪಾಯಿಯೂ ಹುಟ್ಟುವುದು ಕಷ್ಟ. ಇನ್ನೊಂದು ಮೂಲೆಯಲ್ಲಿ ಯಾರೋ ಇಂಜಿನಿಯರಿಂಗ್ ಓದುವಾಗ ಕೊಂಡ ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಸುಮ್ನೆ ಬಿದ್ದಿರುತ್ತದೆ. ಎರಡನ್ನೂ ಸೇರಿಸಿದರೆ ಸಿನಿಮಾ, ಹಳೇ ಧಾರಾವಾಹಿ, ಮದುವೆ ವಿಡಿಯೋ, ಯೂಟ್ಯೂಬ್ ಭಜನೆ ಎಲ್ಲ ನೋಡಬಹುದು. ಆದರೆ ಅದಕ್ಕೆ ಜಾಸ್ತಿ ದುಡ್ಡು ಸುರಿಯಬಾರದು. ನನ್ನ ಪ್ರಕಾರ ಒಂದೂವರೆ ಸಾವಿರ ದಾಟುತ್ತದೆ ಅನ್ನುವ ಹೊತ್ತಿಗೆ ಕೈ ತಡೆಯಬೇಕು.

ಟಿವಿಗೂ ಕಂಪ್ಯೂಟರಿಗೂ ಯಾಕೆ ಹೊಂದುವುದಿಲ್ಲ

ನಮ್ಮ ಹಳೇ ಟಿವಿಗಳೆಲ್ಲ ಪಾಲ್ ಪದ್ಧತಿಯವು. ಒಂದು ಚಿತ್ರಕ್ಕೆ 625 ಗೆರೆ. ಅದರಲ್ಲಿ ಚಿತ್ರ ಹೊತ್ತು ಬರುವುದು 576 ಮಾತ್ರ. ಅವೂ ಒಟ್ಟಿಗೆ ಬರುವುದಿಲ್ಲ. ಒಮ್ಮೆ ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ ಬರುತ್ತದೆ. ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೆ 60 ಪೂರ್ತಿ ಚಿತ್ರ ಕಳಿಸುತ್ತದೆ. ಗೆರೆ ಎಳೆಯುವ ವೇಗವೂ ಬೇರೆ. ಟಿವಿ ಸೆಕೆಂಡಿಗೆ 15,625 ಗೆರೆ ಎಳೆದರೆ, ಸಾದಾ ವಿಜಿಎ (ಹಳೇ ಕಂಪ್ಯೂಟರಿನ ಪರದೆ ಜೋಡಿಸುವ ಸಾಕೆಟ್) ಮಾನಿಟರ್ ಅದರ ಎರಡರಷ್ಟು, 31,500ರ ಹತ್ತಿರ ಎಳೆಯುತ್ತದೆ.

ಅದಕ್ಕೇ ಒಂದು ಕಡೆ ವಿಜಿಎ, ಇನ್ನೊಂದು ಕಡೆ ಮೂರು ಬಣ್ಣದ ಪಿನ್ ಇರುವ ಬರೀ ವೈರ್ ಕೊಂಡು ತಂದರೆ ಚಿತ್ರ ಬರುವುದಿಲ್ಲ. ಎಚ್‌ಡಿಎಂಐನಿಂದ (ಈಗಿನ ಕಂಪ್ಯೂಟರಿನ ಚಿತ್ರ-ಶಬ್ದದ ಸಾಕೆಟ್) ಮೂರು ಪಿನ್‌ಗೆ ಇಳಿಯುವ ಬರೀ ವೈರಿನ ಕಥೆಯೂ ಅದೇ. ಅಂಗಡಿಯಲ್ಲಿ ನೂರೈವತ್ತು ಇನ್ನೂರಕ್ಕೆ ಸಿಗುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ, ಕೆಲಸ ಮಾತ್ರ ಮಾಡಲ್ಲ. ನಡುವೆ ಕರೆಂಟ್ ಕುಡಿದು ಸಿಗ್ನಲ್ ಬದಲಿಸುವ ಒಂದು ಚಿಪ್ ಇರಲೇಬೇಕು. ಆ ಚಿಪ್ ಎಲ್ಲಿರಬೇಕು ಅನ್ನುವುದೇ ಇಲ್ಲಿರುವ ಎಲ್ಲ ಆಯ್ಕೆಗಳ ನಡುವಿನ ವ್ಯತ್ಯಾಸ. ಹೊರಗೆ ಪುಟ್ಟ ಡಬ್ಬಿಯಲ್ಲೋ, ಹಳೇ ಗ್ರಾಫಿಕ್ಸ್ ಕಾರ್ಡಿನ ಮೇಲೋ, ಇಲ್ಲಾ ರಾಸ್ಪ್‌ಬೆರಿ ಪೈನಂಥ, ಒಂದೇ ಚಿಕ್ಕ ಬೋರ್ಡಿನ ಪುಟ್ಟ ಕಂಪ್ಯೂಟರಿನ ಒಳಗೋ?

ಹಿಂಭಾಗದಲ್ಲಿ ಏನಿದೆ

ಹಳದಿ, ಬಿಳಿ, ಕೆಂಪು ಸಾಕೆಟ್ ಇದ್ದರೆ ಅದು ಎವಿ ಇನ್. ಹಳದಿಯಲ್ಲಿ ಚಿತ್ರ, ಬಿಳಿ ಮತ್ತು ಕೆಂಪಿನಲ್ಲಿ ಶಬ್ದ. ತೊಂಬತ್ತರ ದಶಕದ ಕೊನೆಯಿಂದ ಬಂದ ಹೆಚ್ಚಿನ ಟಿವಿಗಳಲ್ಲಿ ಇದು ಸಿಗುತ್ತದೆ. ಕೆಲವಕ್ಕೆ ಮುಂದುಗಡೆ ಪುಟ್ಟ ಮುಚ್ಚಳದ ಕೆಳಗೂ ಇರುತ್ತದೆ, ಮರೆಯದೆ ತೆರೆದು ನೋಡಿ. ಹಿಂದೆ ಎವಿ ಔಟ್ ಅಂತಲೂ ಒಂದು ಜೋಡಿ ಇರಬಹುದು. ಅದಕ್ಕೆ ಚುಚ್ಚಿದರೆ ಏನೂ ಬರುವುದಿಲ್ಲ.

ನಾಲ್ಕು ಸಣ್ಣ ತೂತಿನ ದುಂಡನೆಯ ಸಾಕೆಟ್ ಇದ್ದರೆ ಅದು ಎಸ್-ವಿಡಿಯೋ. ಹಸಿರು, ನೀಲಿ, ಕೆಂಪು ಎಂದು ಇನ್ನೂ ಮೂರು ಸಾಕೆಟ್ ಇದ್ದು, ಪಕ್ಕದಲ್ಲಿ ಡಿವಿಡಿ ಅಂತಲೋ ಕಾಂಪೋನೆಂಟ್ ಅಂತಲೋ ಬರೆದಿದ್ದರೆ ನಿಮ್ಮದು ಒಳ್ಳೇ ಟಿವಿ. ಫ್ಲ್ಯಾಟ್ ಗಾಜಿನ ಕೊನೇ ಕಾಲದ ಮಾಡೆಲ್‌ಗಳಲ್ಲಿ ಇದು ಕಾಣುತ್ತದೆ. ಬರೀ ಆಂಟೆನಾ ಸಾಕೆಟ್ ಒಂದೇ ಇದ್ದರೆ ಅದರ ಮಾತು ಕೊನೆಗೆ.

ಹೆಚ್ಚಿನವರಿಗೆ ಸಾಕಾಗುವ ದಾರಿ

ಎಚ್‌ಡಿಎಂಐ ಇರುವ ಯಾವುದೇ ಕಂಪ್ಯೂಟರ್, ಹಳದಿ ಸಾಕೆಟ್ ಇರುವ ಯಾವುದೇ ಟಿವಿ. ಈ ಎರಡು ನಿಮ್ಮಲ್ಲಿದ್ದರೆ ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಚಿಕ್ಕ ಡಬ್ಬಿ ತನ್ನಿ. ಅಂಗೈಯಷ್ಟು ದೊಡ್ಡದು, ಬೆಲೆ ಸುಮಾರು 500 ರೂಪಾಯಿ ಆಸುಪಾಸು. 1080 ಗೆರೆಯ ಚಿತ್ರ ಕೊಟ್ಟರೂ ತಾನೇ ಕುಗ್ಗಿಸಿ ಟಿವಿಗೆ ಬೇಕಾದ ಹಾಗೆ ಕಳಿಸುತ್ತದೆ. ಶಬ್ದವೂ ಅದರಿಂದಲೇ ಬರುತ್ತದೆ, ಬೇರೆ ವೈರ್ ಬೇಡ.

ಕೊಳ್ಳುವಾಗ ಎರಡು ವಿಷಯ ನೋಡಬೇಕು. ಒಂದು, ದಿಕ್ಕು. ಇದೇ ಆಕಾರದಲ್ಲಿ, ಇದೇ ಬಣ್ಣದಲ್ಲಿ, ಎವಿಯಿಂದ ಎಚ್‌ಡಿಎಂಐಗೆ ಹೋಗುವ ಡಬ್ಬಿಯೂ ಬರುತ್ತದೆ. ಅದು ಹಳೇ ಡಿವಿಡಿ ಪ್ಲೇಯರನ್ನು ಹೊಸ ಟಿವಿಗೆ ಹಾಕಲು, ನಮಗೆ ಉಲ್ಟಾ. ಅಂಗಡಿಯವರು ಕೊಟ್ಟಿದ್ದನ್ನು ಹಾಗೇ ತರಬೇಡಿ. ಡಬ್ಬಿಯ ಮೇಲೆ ಎಚ್‌ಡಿಎಂಐ ಪಕ್ಕ ‘ಇನ್’ ಎಂದಿರಬೇಕು, ಮೂರು ಬಣ್ಣದ ಪಕ್ಕ ‘ಔಟ್’ ಎಂದಿರಬೇಕು. ಎರಡು, ಪಾಲ್ ಮತ್ತು ಎನ್‌ಟಿಎಸ್‌ಸಿ (ಅಮೆರಿಕ ಕಡೆಯ ಟಿವಿ ಪದ್ಧತಿ) ನಡುವೆ ಬದಲಿಸುವ ಪುಟ್ಟ ಸ್ವಿಚ್. ಅದಿಲ್ಲದ ಡಬ್ಬಿ ಬೇಡ. ಪಾಲ್ ಕಡೆಗೆ ತಳ್ಳಿಟ್ಟು ಬಿಡಿ.

ಇದಕ್ಕೆ 5 ವೋಲ್ಟ್ ಯುಎಸ್‌ಬಿ ಕರೆಂಟ್ ಬೇಕು. ಕೆಲವು ಸಲ ಯುಎಸ್‌ಬಿ ಹಾಕದೆಯೂ ದೀಪ ಹತ್ತುತ್ತದೆ, ಎಚ್‌ಡಿಎಂಐ ವೈರಿನಿಂದಲೇ ಒಂಚೂರು ಕರೆಂಟ್ ಎಳೆದುಕೊಂಡಿರುತ್ತದೆ. ಅದನ್ನು ನಂಬಿ ಕೂರಬೇಡಿ. ಎಚ್‌ಡಿಎಂಐನಲ್ಲಿ ಖಾತ್ರಿಯಾಗಿ ಸಿಗುವುದು 55 ಮಿಲಿಆಂಪ್ ಮಾತ್ರ. ಅಷ್ಟರಲ್ಲಿ ಚಿತ್ರ ಬರುತ್ತದೆ ಹೋಗುತ್ತದೆ. ಹಳೇ ಮೊಬೈಲ್ ಚಾರ್ಜರ್ ಹಾಕಿದರೆ ನೆಮ್ಮದಿ.

ಚಿತ್ರ ಹೇಗಿರುತ್ತದೆ? ಸಿನಿಮಾಕ್ಕೆ ಚೆನ್ನಾಗಿರುತ್ತದೆ, ಅಕ್ಷರಕ್ಕೆ ಚೆನ್ನಾಗಿರಲ್ಲ. ಹಳದಿ ವೈರಿನಲ್ಲಿ ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ ಬೆರೆತು ಹೋಗುತ್ತವೆ, ಟಿವಿ ಅದನ್ನು ಮತ್ತೆ ಬಿಡಿಸಿಕೊಳ್ಳಬೇಕು. ಪೂರ್ತಿ ಬಿಡಿಸಲು ಅದಕ್ಕೆ ಬರುವುದಿಲ್ಲ. ಹಾಗಾಗಿ ಇಳಕಲ್ ಸೀರೆಯ ಸಣ್ಣ ಗೆರೆಗಳ ಮೇಲೆ ಇಲ್ಲದ ಕಾಮನಬಿಲ್ಲು ಕುಣಿಯುತ್ತದೆ. ಕೆಂಪು ಬಟ್ಟೆಯ ಅಂಚು ಪಕ್ಕಕ್ಕೆ ಹರಡುತ್ತದೆ. ಹತ್ತಡಿ ದೂರ ಕೂತು ನೋಡುವಾಗ ಇದು ಲೆಕ್ಕಕ್ಕೆ ಬರುವುದಿಲ್ಲ.

ಎಚ್‌ಡಿಎಂಐ ಇಲ್ಲದ, ವಿಜಿಎ ಮಾತ್ರ ಇರುವ ಕಂಪ್ಯೂಟರಿಗೆ ವಿಜಿಎಯಿಂದ ಎವಿಗೆ ಬದಲಿಸುವ ಡಬ್ಬಿ ಬರುತ್ತದೆ. ಕೆಲವದರಲ್ಲಿ ಎಸ್-ವಿಡಿಯೋ ಔಟ್ ಕೂಡ ಇರುತ್ತದೆ, ಅಂಥದ್ದು ಸಿಕ್ಕರೆ ಒಳ್ಳೆಯದೇ. ಆದರೆ ವಿಜಿಎಯಲ್ಲಿ ಶಬ್ದ ಇರುವುದಿಲ್ಲ. ಕಂಪ್ಯೂಟರಿನ ಹಸಿರು ಸ್ಪೀಕರ್ ಜಾಕ್‌ನಿಂದ ಟಿವಿಯ ಬಿಳಿ-ಕೆಂಪಿಗೆ ಬೇರೆ ವೈರ್ ಎಳೆಯಬೇಕು. ಕಂಪ್ಯೂಟರಿನಲ್ಲಿ ಎರಡೂ ಇದ್ದರೆ ವಿಜಿಎ ಕಡೆ ಹೋಗಲೇಬೇಡಿ.

ಮೂಲೆಯಲ್ಲಿ ಬಿದ್ದ ಹಳೇ ಕಾರ್ಡ್

2002ರಿಂದ ಆಚೆ ಐದಾರು ವರ್ಷ ಬಂದ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಟಿವಿ ಔಟ್ ಅನ್ನುವುದು ಮಾಮೂಲಾಗಿತ್ತು. ಎನ್‌ವಿಡಿಯಾದ ಎಂಎಕ್ಸ್ 440, ಎಫ್‌ಎಕ್ಸ್ 5200, 6200, ಎಟಿಐನ ರೇಡಿಯಾನ್ 9200. ಈ ಕಾರ್ಡ್‌ಗಳ ಹಲವು ಮಾಡೆಲ್‌ಗಳ ಹಿಂದೆ ವಿಜಿಎ ಪಕ್ಕದಲ್ಲೇ ದುಂಡನೆಯ ಎಸ್-ವಿಡಿಯೋ ಸಾಕೆಟ್ ಇರುತ್ತಿತ್ತು. ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲೂ ಇರುತ್ತಿತ್ತು. ನಿಮ್ಮ ಹಳೇ ಯಂತ್ರದಲ್ಲಿ ಇದಿದ್ದು, ಟಿವಿಯಲ್ಲೂ ಎಸ್-ವಿಡಿಯೋ ಇದ್ದರೆ ಹೊಸದಾಗಿ ಏನನ್ನೂ ಕೊಳ್ಳಬೇಡಿ, ಒಂದು ವೈರ್ ಸಾಕು.

ಇದರ ಚಿತ್ರ ಅಗ್ಗದ ಡಬ್ಬಿಗಿಂತ ಎದ್ದು ಕಾಣುವಷ್ಟು ಚೆನ್ನ. ಎಸ್-ವಿಡಿಯೋದಲ್ಲಿ ಬೆಳಕು ಒಂದು ತಂತಿ, ಬಣ್ಣ ಇನ್ನೊಂದು ತಂತಿ. ಬೆರೆಯುವುದೂ ಇಲ್ಲ, ಬಿಡಿಸುವುದೂ ಇಲ್ಲ. ಸೀರೆ ಮೇಲಿನ ಕಾಮನಬಿಲ್ಲು ಮಾಯವಾಗುತ್ತದೆ. ಜೊತೆಗೆ ಕಾರ್ಡಿನ ಡ್ರೈವರ್‌ನಲ್ಲೇ ಚಿತ್ರವನ್ನು ಎಡಕ್ಕೆ ಬಲಕ್ಕೆ ಸರಿಸುವ, ಕುಗ್ಗಿಸುವ, ಮಿನುಗು ಕಡಿಮೆ ಮಾಡುವ ಸವಲತ್ತು ಇರುತ್ತದೆ. 500 ರೂಪಾಯಿ ಡಬ್ಬಿಯಲ್ಲಿ ಇದ್ಯಾವುದೂ ಇಲ್ಲ.

ತೊಡಕು ಇರುವುದು ತಂತ್ರಾಂಶದಲ್ಲಿ. ಈ ಕಾರ್ಡ್‌ಗಳಿಗೆ ಹೊಸ ವಿಂಡೋಸ್‌ನಲ್ಲಿ ಸರಿಯಾದ ಡ್ರೈವರ್ ಇಲ್ಲ. ಎಕ್ಸ್‌ಪಿಯಲ್ಲಿ, ಕೆಲವನ್ನು ಮಾತ್ರ ವಿಂಡೋಸ್ 7ರಲ್ಲಿ ಓಡಿಸಬೇಕು. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರಲ್ಲೇ ನಿಂತಿತು, ವಿಂಡೋಸ್ 7ಕ್ಕೆ 2020ರಲ್ಲಿ. ಅಂಥ ಯಂತ್ರಕ್ಕೆ ಇಂಟರ್‌ನೆಟ್ ಕೊಡದಿರುವುದೇ ಕ್ಷೇಮ. ಬ್ಯಾಂಕ್ ಕೆಲಸವಂತೂ ಅದರಲ್ಲಿ ಬೇಡವೇ ಬೇಡ. ಪೆನ್‌ಡ್ರೈವ್‌ನಲ್ಲಿ ಫೈಲ್ ತಂದು ವಿಎಲ್‌ಸಿ ಪ್ಲೇಯರ್‌ನಲ್ಲಿ ನೋಡುವವರಿಗೆ ಸಾಕು. ಪೆಂಟಿಯಮ್ 4 ಕಾಲದ ಯಂತ್ರವಾದರೆ 1080ರ ಫೈಲ್ ತಡವರಿಸುತ್ತದೆ. ಅದಕ್ಕೆ 480 ಅಥವಾ 576 ಗೆರೆಯ ಫೈಲ್ ಕೊಡಿ. ಟಿವಿ ತೋರಿಸುವುದೇ ಅಷ್ಟು ತಾನೇ? ಬಿಂದಿಗೆ ನೀರನ್ನು ಚೊಂಬಿಗೆ ಸುರಿದ ಹಾಗೆ, ಮಿಕ್ಕಿದ್ದೆಲ್ಲ ಆಚೆ ಚೆಲ್ಲುತ್ತದೆ.

ಈ ದಾರಿಗಾಗಿ ಹಳೇ ಕಾರ್ಡ್ ಹುಡುಕಿಕೊಂಡು ಹೋಗಿ ಕೊಳ್ಳಬೇಕೇ? ಬೇಡ. ಇದು ಇರುವವರಿಗೆ ಮಾತ್ರ.

ರಾಸ್ಪ್‌ಬೆರಿ ಪೈ

ಕಂಪ್ಯೂಟರ್ ಇಲ್ಲದವರು, ಅಥವಾ ಟಿವಿ ಕೆಳಗೆ ಫ್ಯಾನ್ ಗುಂಯ್‌ಗುಡುವ ಪೆಟ್ಟಿಗೆ ಬೇಡ ಅನ್ನುವವರು ಇದನ್ನು ನೋಡಬಹುದು. ಬಿಐಇಟಿ ಇಂಜಿನಿಯರಿಂಗ್ ಕಾಲೇಜಿನ ಕಡೆಯ ಹುಡುಗರ ಹತ್ತಿರ ಪ್ರಾಜೆಕ್ಟ್ ಮುಗಿದ ಮೇಲೆ ಬಳಸದೆ ಇಟ್ಟ ಪೈ ಸಿಗುವ ಸಾಧ್ಯತೆಯೂ ಇದೆ, ಕೇಳಿ ನೋಡಿ. ಹೊಸದು ಕೊಳ್ಳುವುದಾದರೆ ನಾನು ಮೇಲೆ ಹೇಳಿದ ಒಂದೂವರೆ ಸಾವಿರದ ಗೆರೆ ದಾಟಿಹೋಗುತ್ತದೆ.

ಮೊದಲ ಮಾಡೆಲ್ ಬಿಯಲ್ಲಿ ಹಳದಿ ಸಾಕೆಟ್ ನೇರವಾಗಿ ಇತ್ತು. ಬಿ ಪ್ಲಸ್‌ನಿಂದ 4ರವರೆಗೆ ಅದೇ ಸಿಗ್ನಲ್ ಹೆಡ್‌ಫೋನ್ ಜಾಕ್‌ನೊಳಗೆ ಸೇರಿಕೊಂಡಿದೆ. 5ರಲ್ಲಿ ಆ ಜಾಕ್ ಇಲ್ಲ, ಬೋರ್ಡಿನ ಮೇಲೆ ಬೆಸುಗೆ ಹಾಕಿಕೊಳ್ಳುವ ಜಾಗ ಮಾತ್ರ ಇದೆ. ಹಾಗಾಗಿ ಡಬ್ಬಾ ಟಿವಿಗೆ 3 ಒಳ್ಳೆಯದು. 4 ಕೂಡ ಆಗುತ್ತದೆ, ಆದರೆ ಅದರಲ್ಲಿ ಟಿವಿ ಔಟ್ ಬಂದ್ ಆಗಿಯೇ ಬರುತ್ತದೆ. ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲ್‌ನಲ್ಲಿ ಅದನ್ನು ಆನ್ ಮಾಡಬೇಕು.

ವೈರ್ ಕೊಳ್ಳುವಾಗ ಹುಷಾರು. ಒಂದು ತುದಿಯಲ್ಲಿ ಮೂರು ಕಪ್ಪು ಉಂಗುರದ 3.5 ಮಿಲಿಮೀಟರ್ ಪಿನ್, ಇನ್ನೊಂದು ತುದಿಯಲ್ಲಿ ಮೂರು ಬಣ್ಣ. ಎಲ್ಲವೂ ನೋಡಲು ಒಂದೇ ಥರ, ಒಳಗಿನ ಜೋಡಣೆ ಬೇರೆ ಬೇರೆ. ಪೈಗೆ ತುದಿಯಿಂದ ಎಣಿಸಿದರೆ ಎಡ ಶಬ್ದ, ಬಲ ಶಬ್ದ, ಗ್ರೌಂಡ್, ಕೊನೆಗೆ ವಿಡಿಯೋ ಬರಬೇಕು. ಹಳೇ ಕ್ಯಾಮ್‌ಕಾರ್ಡರ್‌ಗಳ ಅನೇಕ ವೈರ್‌ಗಳಲ್ಲಿ ಈ ಕ್ರಮ ಬೇರೆ. ಮಲ್ಟಿಮೀಟರ್ ಇರುವ ಗೆಳೆಯರಿದ್ದರೆ ಅರ್ಧ ನಿಮಿಷದ ಕೆಲಸ: ಬಣ್ಣದ ಪಿನ್‌ಗಳ ಹೊರಗಿನ ಲೋಹ ಮೂರನೇ ಪಟ್ಟಿಗೆ ತಾಗಿರಬೇಕು.

ಇನ್ನೊಂದು ವಿಷಯ. ಏನೂ ಹೇಳದೆ ಬಿಟ್ಟರೆ ಪೈ ಎನ್‌ಟಿಎಸ್‌ಸಿಯಲ್ಲಿ ಚಿತ್ರ ಕಳಿಸುತ್ತದೆ. ಪಾಲ್ ಬೇಕು ಅಂತ ನಾವೇ ಬರೆದುಕೊಡಬೇಕು. ಮೊದಲಿಂದ ಬಂದ ಕ್ರಮದಲ್ಲಿ ಎಸ್‌ಡಿಟಿವಿ ಮೋಡ್ ಎಂಬ ಸಾಲಿಗೆ 2 ಎಂದು ಕೊಡುವುದು. ಪೈನಲ್ಲಿ ಕೋಡಿ ಎಂಬ ವಿಡಿಯೋ ನೋಡುವ ತಂತ್ರಾಂಶ ಹಾಕಿಕೊಂಡರೆ ರಿಮೋಟ್ ಥರದ ಆಪ್ ಮೊಬೈಲ್‌ನಲ್ಲೇ ಸಿಗುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಪೈ ಭಾರವೇ ಅಲ್ಲ. ಟಿವಿಯೇ ಅದರ ಹತ್ತಾರು ಪಟ್ಟು ಎಳೆಯುತ್ತದೆ.

ಕಾಂಪೋನೆಂಟ್: ಆಸೆ ದೊಡ್ಡದು, ದಾರಿ ಕಿರಿದು

ಹಸಿರು-ನೀಲಿ-ಕೆಂಪು ಇರುವ ಟಿವಿಯಲ್ಲಿ ಸಿಗುವ ಅತಿ ಒಳ್ಳೆಯ ಚಿತ್ರ ಇದೇ. ಬೆಳಕು ಒಂದು ತಂತಿಯಲ್ಲಿ, ಬಣ್ಣದ ಎರಡು ಭಾಗ ಎರಡು ತಂತಿಯಲ್ಲಿ. ಒಳ್ಳೆ ಟ್ಯೂಬ್ ಇರುವ ಟಿವಿಯಾದರೆ ಹಳೇ ಡಿವಿಡಿಗಳು ಇಲ್ಲಿ ಕಾಣುವಷ್ಟು ಚಂದ ಹೊಸ ಎಲ್‌ಇಡಿಯಲ್ಲೂ ಕಾಣವು. ಇದು ನನ್ನ ಹಠದ ಮಾತು, ಒಪ್ಪಲೇಬೇಕು ಅಂತಿಲ್ಲ.

ಆದರೆ ಕಂಪ್ಯೂಟರಿನಿಂದ ಅಲ್ಲಿಗೆ ತಲುಪಿಸುವುದು ಸುಲಭವಲ್ಲ. ಎಚ್‌ಡಿಎಂಐನಿಂದ ಕಾಂಪೋನೆಂಟ್‌ಗೆ ಬದಲಿಸುವ ಡಬ್ಬಿಗಳಲ್ಲಿ ಹೆಚ್ಚಿನವು ಚಿತ್ರವನ್ನು ಕುಗ್ಗಿಸುವುದಿಲ್ಲ. 1080 ಬಂದರೆ 1080 ಹಾಗೇ ಮುಂದೆ ತಳ್ಳುತ್ತವೆ. ನಿಮ್ಮ ಟಿವಿಗೆ 576 ಗೆರೆಯ ಇಂಟರ್‌ಲೇಸ್ (ಬೆಸ ಗೆರೆ, ಸಮ ಗೆರೆ ಸರದಿಯಲ್ಲಿ ಬರುವ) ಚಿತ್ರ ಬಿಟ್ಟು ಬೇರೇನೂ ಅರ್ಥವಾಗಲ್ಲ. ಹಾಗಾಗಿ ಪರದೆ ಕಪ್ಪಗಿರುತ್ತದೆ, ಇಲ್ಲವೇ ಗೆರೆ ಗೆರೆ ಹರಿದಾಡುತ್ತದೆ. ‘ಡೌನ್‌ಸ್ಕೇಲ್ ಮಾಡುತ್ತದೆ’ ಅಂತ ಸ್ಪಷ್ಟವಾಗಿ ಬರೆದಿರುವುದೇ ಬೇಕು, ಅದಕ್ಕೆ ಬೆಲೆ ಜಾಸ್ತಿ. ಹಳೇ ಟಿವಿ ಔಟ್ ಕಾರ್ಡ್‌ಗಳಲ್ಲಿ ಕೆಲವಕ್ಕೆ ಕಾಂಪೋನೆಂಟ್ ಬಾಲದ ವೈರ್ ಪೆಟ್ಟಿಗೆಯಲ್ಲೇ ಬರುತ್ತಿತ್ತು. ಆ ಬಾಲ ಇನ್ನೂ ನಿಮ್ಮ ಹತ್ತಿರ ಇದ್ದರೆ ನೀವು ಅದೃಷ್ಟವಂತರು. ಇಲ್ಲದಿದ್ದರೆ ಹಳದಿಗೇ ಸಮಾಧಾನ ಮಾಡಿಕೊಳ್ಳಿ.

ಕಂಪ್ಯೂಟರೇ ಬೇಡದವರು

ಮನೆಯಲ್ಲಿ ಅಜ್ಜಿ ಹಳೇ ಸಿನಿಮಾ ನೋಡಬೇಕು, ಅಷ್ಟೇ. ಇದಕ್ಕೆ ಕಂಪ್ಯೂಟರ್ ಯಾಕೆ? ಡಿಡಿ ಫ್ರೀ ಡಿಶ್‌ಗೆ ಸಿಗುವ ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಅನೇಕಕ್ಕೆ ಯುಎಸ್‌ಬಿ ಇದೆ, ಹಳದಿ-ಬಿಳಿ-ಕೆಂಪು ಔಟ್ ಕೂಡ ಇದೆ. ಪೆನ್‌ಡ್ರೈವ್ ಚುಚ್ಚಿದರೆ ಮಾಮೂಲಿ ಎಂಪಿ4 ಫೈಲ್ ಓಡುತ್ತದೆ. ರಿಮೋಟ್ ಇದೆ, ಪಾಲ್ ಮೊದಲೇ ಸರಿ ಇರುತ್ತದೆ, ಹತ್ತು ಸೆಕೆಂಡಲ್ಲಿ ಆನ್ ಆಗುತ್ತದೆ. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿದ್ದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಅದೊಂದು ನೆನಪಿರಲಿ. ಇಂಟರ್‌ನೆಟ್ ಬೇಡ ಅನ್ನುವ ತೋಟದ ಮನೆಗೆ ನಾನು ಇದನ್ನೇ ಹೇಳುವುದು.

ಜೋಡಿಸಿದ ಮೇಲಿನ ಕೆಲಸ

ಯಾವ ದಾರಿ ಹಿಡಿದರೂ ಮೊದಲ ಸಲ ಚಿತ್ರ ನೋಡಿದಾಗ ಬೇಜಾರಾಗುತ್ತದೆ. ಎಲ್ಲರೂ ಉದ್ದಕ್ಕೆ, ಸಣಕಲಾಗಿ ಕಾಣುತ್ತಾರೆ. ಕಂಪ್ಯೂಟರ್ 16:9 ಕಳಿಸಿದೆ, ಡಬ್ಬಿ ಅದನ್ನು 4:3 ಪರದೆಗೆ ಒತ್ತಿ ತುಂಬಿದೆ. ಇಲ್ಲಿ ವೈರ್ ಬದಲಿಸಿ ಪ್ರಯೋಜನವಿಲ್ಲ. ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 800x600 ಅಥವಾ 1024x768 ಮಾಡಿ. ಎರಡೂ 4:3 ಅಳತೆಯವು, ಒತ್ತಿದರೂ ಆಕಾರ ಕೆಡುವುದಿಲ್ಲ. ಡಬ್ಬಿ ಆ ಅಳತೆಗಳನ್ನು ಒಪ್ಪದಿದ್ದರೆ 720x576 ಇದೆಯಾ ನೋಡಿ. ಅದೂ ಇಲ್ಲವಾದರೆ ವಿಎಲ್‌ಸಿಯಲ್ಲಿ ‘ಎ’ ಕೀ ಒತ್ತುತ್ತಾ ಹೋಗಿ, ಮುಖಗಳು ಸರಿಯಾದಾಗ ನಿಲ್ಲಿಸಿ.

ಆಗ ಇನ್ನೊಂದು ತಕರಾರು ಬರುತ್ತದೆ: ಮೇಲೆ ಕೆಳಗೆ ಕಪ್ಪು ಪಟ್ಟಿ. 21 ಇಂಚಿನ ಟಿವಿಯಲ್ಲಿ ಕಾಣುವ ಪರದೆ ಸುಮಾರು 16 ಇಂಚು ಅಗಲ, 12 ಇಂಚು ಎತ್ತರ. ಅದರಲ್ಲಿ 16:9 ಚಿತ್ರಕ್ಕೆ ಸಿಗುವ ಎತ್ತರ 9 ಇಂಚು. ಸಿನಿಮಾಸ್ಕೋಪ್ ಆದರೆ 7 ಇಂಚೂ ಇಲ್ಲ. ಹೊಸ ಸಿನಿಮಾಗಳನ್ನು ಇಷ್ಟು ಚಿಕ್ಕದಾಗಿ ನೋಡುವುದು ನಿಜಕ್ಕೂ ಕಷ್ಟ. ಪ್ಲೇಯರ್‌ನಲ್ಲಿ ಸ್ವಲ್ಪ ಜೂಮ್ ಮಾಡಿ ಎಡಬಲ ಕತ್ತರಿಸಿಕೊಂಡರೆ ಪರವಾಗಿಲ್ಲ ಅನ್ನಿಸುತ್ತದೆ. ದೂರದರ್ಶನ ಕಾಲದ ಧಾರಾವಾಹಿಗಳು, ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟುಗಳು ಮಾತ್ರ ಪರದೆ ತುಂಬ ಬರುತ್ತವೆ, ಅವು ಹುಟ್ಟಿದ್ದೇ 4:3ರಲ್ಲಿ. ಡಬ್ಬಾ ಟಿವಿ ಇರಬೇಕಾದದ್ದೇ ಅವುಗಳಿಗೆ.

ಅಂಚು ಕತ್ತರಿಸಿ ಹೋಗುವುದು ಇನ್ನೊಂದು. ಹಳೇ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಒಂಚೂರು ಚೌಕಟ್ಟಿನ ಹಿಂದಕ್ಕೆ ತಳ್ಳಿಯೇ ತೋರಿಸುತ್ತವೆ. ಸಿನಿಮಾದಲ್ಲಿ ಗೊತ್ತಾಗಲ್ಲ. ವಿಂಡೋಸ್‌ನ ಸ್ಟಾರ್ಟ್ ಬಟನ್ನೇ ಕಾಣದಾದಾಗ ಗೊತ್ತಾಗುತ್ತದೆ. ಕೋಡಿಯಲ್ಲಿ ವಿಡಿಯೋ ಕ್ಯಾಲಿಬ್ರೇಶನ್ ಅಂತ ಇದೆ, ಮೇಲಿನ ಎಡ ಮೂಲೆ, ಕೆಳಗಿನ ಬಲ ಮೂಲೆ ಎಳೆದು ಒಳಗೆ ತಂದು ಕೂರಿಸಬಹುದು. ವಿಂಡೋಸ್‌ನಲ್ಲೇ ಇರುವುದಾದರೆ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಸ್ಕೇಲಿಂಗ್ ಹುಡುಕಿ.

ಅಕ್ಷರದ ವಿಷಯದಲ್ಲಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಇಂಗ್ಲಿಷ್ ಅಕ್ಷರ ದಪ್ಪ ಮಾಡಿದರೆ ಓದಬಹುದು. ಕನ್ನಡದಲ್ಲಿ ಒತ್ತಕ್ಷರ ಸಣ್ಣದಾಗಿ ಕೆಳಗೆ ಕೂರುತ್ತದಲ್ವಾ, ಅದು ಎರಡು ಮೂರು ಗೆರೆಯೊಳಗೆ ಸಿಕ್ಕಿಕೊಂಡು ಮಸಿಯಾಗುತ್ತದೆ. ಒಂದೇ ಗೆರೆ ದಪ್ಪದ ಅಡ್ಡ ಗೆರೆಗಳು ಸೆಕೆಂಡಿಗೆ 25 ಸಲ ಮಾತ್ರ ಬೆಳಗುವುದರಿಂದ ಕಣ್ಣಿಗೆ ಚುಚ್ಚುವಂತೆ ಮಿನುಗುತ್ತವೆ. ಸಬ್‌ಟೈಟಲ್ ಬೇಕಿದ್ದರೆ ಗಾತ್ರ ಒಂದೂವರೆ ಪಟ್ಟು ಮಾಡಿ, ಸ್ವಲ್ಪ ಮೇಲಕ್ಕೂ ಎತ್ತಿಡಿ. ಇಮೇಲ್ ಓದುವುದು, ಆನ್‌ಲೈನ್ ಅರ್ಜಿ ತುಂಬುವುದು ಈ ಪರದೆಯಲ್ಲಿ ಆಗದ ಮಾತು. ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ಎಕ್ಸ್‌ಟೆಂಡ್ ಆರಿಸಿ. ಓದುವುದು ಲ್ಯಾಪ್‌ಟಾಪ್ ಪರದೆಯಲ್ಲಿ, ಸಿನಿಮಾ ಮಾತ್ರ ಟಿವಿಯಲ್ಲಿ.

ಚಿತ್ರ ಜರ್ಕ್ ಹೊಡೆಯುತ್ತಿದ್ದರೆ ಕಂಪ್ಯೂಟರಿನ ರಿಫ್ರೆಶ್ ರೇಟ್ 60ರಿಂದ 50ಕ್ಕೆ ಇಳಿಸಿ ನೋಡಿ. ಟಿವಿ 50ರಲ್ಲಿ ಓಡುವಾಗ 60 ಕಳಿಸಿದರೆ ನಡುವಿನ ಡಬ್ಬಿ ಆಗಾಗ ಒಂದು ಚಿತ್ರ ಎಸೆಯಲೇಬೇಕು. ಹಾಗೆ ಎಸೆದಾಗಲೆಲ್ಲ ಕ್ಯಾಮೆರಾ ಸರಿಯುವ ದೃಶ್ಯದಲ್ಲಿ ಸಣ್ಣ ತಡವರಿಕೆ ಕಾಣುತ್ತದೆ.

ಬಣ್ಣ ಬರದಿದ್ದರೆ

ಕಪ್ಪು-ಬಿಳುಪು ಚಿತ್ರ ಬಂದರೆ ಟಿವಿ ಹೋಯ್ತು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ಡಬ್ಬಿಯೋ ಪೈಯೋ ಎನ್‌ಟಿಎಸ್‌ಸಿಯಲ್ಲಿದೆ. ಆಗ ಕೆಲವು ಟಿವಿಗಳಲ್ಲಿ ಚಿತ್ರ ಮೇಲಕ್ಕೆ ಉರುಳುವುದೂ ಉಂಟು. ಇಲ್ಲವೇ ಹಳದಿ ಪಿನ್ನನ್ನು ಕಾಂಪೋನೆಂಟ್‌ನ ಹಸಿರಿಗೆ ಚುಚ್ಚಿದ್ದೀರಿ. ಇಲ್ಲವೇ ಎಸ್-ವಿಡಿಯೋ ಔಟನ್ನು ಬರೀ ಅಡಾಪ್ಟರ್ ಹಾಕಿ ಹಳದಿಗೆ ಇಳಿಸಿದ್ದೀರಿ, ಬೆಳಕಿನ ತಂತಿ ಮಾತ್ರ ತಲುಪಿದೆ. ಕಾರ್ಡಿನ ಡ್ರೈವರ್‌ನಲ್ಲಿ ಎಸ್-ವಿಡಿಯೋ ಬದಲು ಕಾಂಪೋಸಿಟ್ (ಹಳದಿ ವೈರಿನ ಸಿಗ್ನಲ್) ಎಂದು ಆರಿಸಿದರೆ ಹಲವು ಸಲ ಬಣ್ಣ ಬರುತ್ತದೆ. ಚಿತ್ರ ಇಲ್ಲದೆ ಜೋರಾಗಿ ಬುರ್ರ್ ಅನ್ನುವ ಶಬ್ದ ಮಾತ್ರ ಬಂದರೆ ಹಳದಿ ಪಿನ್ ಶಬ್ದದ ಸಾಕೆಟ್‌ನಲ್ಲಿ ಕೂತಿದೆ.

ಶಬ್ದ ಬರದಿದ್ದರೆ ವಿಂಡೋಸ್‌ನಲ್ಲಿ ಎಚ್‌ಡಿಎಂಐಯನ್ನು ಸೌಂಡ್ ಔಟ್‌ಪುಟ್ ಆಗಿ ಆರಿಸಿದ್ದೀರಾ ನೋಡಿ. ಹಾಡು ಜೋರು, ಮಾತು ಮೆತ್ತಗೆ ಅನ್ನಿಸಿದರೆ ಫೈಲ್ 5.1ರದ್ದು (ಆರು ಸ್ಪೀಕರಿಗೆ ಮಾಡಿದ್ದು), ಪ್ಲೇಯರ್‌ನಲ್ಲಿ ಸ್ಟೀರಿಯೋ ಮಾಡಿ. ಒಂದೇ ಸ್ಪೀಕರಿನ ಟಿವಿಗೆ ಬಿಳಿ ಸಾಕೆಟ್ ಒಂದೇ ಇರುತ್ತದೆ. ಬಿಳಿ ಪಿನ್ ಮಾತ್ರ ಹಾಕಿದರೆ ಬಲಗಡೆಯ ಶಬ್ದ ಪೂರ್ತಿ ಹೋಗುತ್ತದೆ, ಕೆಲವು ಹಾಡಿನಲ್ಲಿ ಅರ್ಧ ವಾದ್ಯಗಳೇ ಮಾಯ. ವಿಂಡೋಸ್ 10ರಿಂದ ಈಚೆಗೆ ಮೋನೋ ಆಡಿಯೋ ಅನ್ನುವ ಸ್ವಿಚ್ ಇದೆ, ಅದನ್ನು ಆನ್ ಮಾಡಿ.

ಜುಮ್ ಅಂದರೆ

ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಹಳೇ ಪೇಟೆ ಕಡೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇಲ್ಲದ ಪಾಯಿಂಟ್‌ಗಳು ಜಾಸ್ತಿ. ಮೂರು ಪಿನ್ನಿನ ಕಂಪ್ಯೂಟರನ್ನು ಎರಡು ಪಿನ್ ಅಡಾಪ್ಟರ್‌ನಲ್ಲಿ ಸಿಕ್ಕಿಸಿದರೆ ಅದರ ಲೋಹದ ಮೈಯಲ್ಲಿ ಸಣ್ಣ ಸೋರಿಕೆ ಕರೆಂಟ್ ನಿಲ್ಲುತ್ತದೆ. ಎವಿ ಪಿನ್ ಮುಟ್ಟಿದಾಗ ಕೈ ಜುಮ್ ಅನ್ನುವುದು ಅದಕ್ಕೇ. ನಿಮಗೆ ಬರೀ ಜುಮ್, ಎಚ್‌ಡಿಎಂಐ ಚಿಪ್‌ಗೆ ಮಾತ್ರ ಸಾವು. ಅರ್ಥಿಂಗ್ ಇರುವ ಪಾಯಿಂಟ್ ಬಳಸಿ. ಟಿವಿ, ಕಂಪ್ಯೂಟರ್ ಎರಡನ್ನೂ ಪ್ಲಗ್‌ನಿಂದ ತೆಗೆದೇ ವೈರ್ ಚುಚ್ಚಿ. ಚಿತ್ರದಲ್ಲಿ ಅಡ್ಡ ಪಟ್ಟಿ ನಿಧಾನಕ್ಕೆ ಮೇಲೇರುತ್ತಾ ಸ್ಪೀಕರ್ ಗುಂಯ್ ಅನ್ನುತ್ತಿದ್ದರೆ ಕೇಬಲ್‌ನವರ ವೈರನ್ನು ಟಿವಿಯಿಂದ ಬಿಚ್ಚಿ ನೋಡಿ. ಗುಂಯ್ ನಿಂತರೆ ಎರಡು ಕಡೆಯ ಅರ್ಥ್ ಜಗಳ ಅಂತ ಅರ್ಥ. ಟಿವಿ, ಕಂಪ್ಯೂಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಅರ್ಧ ಕಾಟ ಕಡಿಮೆಯಾಗುತ್ತದೆ.

ಕಂಪ್ಯೂಟರ್ ಇನ್ನೊಂದು ಕೋಣೆಯಲ್ಲಿದ್ದರೆ ಮಾರುಕಟ್ಟೆಯ ತೆಳ್ಳನೆಯ ಎವಿ ವೈರ್ ಉದ್ದಕ್ಕೆ ಎಳೆಯಬೇಡಿ. ಡಿಶ್‌ಗೆ ಹಾಕುವ ಆರ್‌ಜಿ-6 ವೈರ್ 75 ಓಮ್‌ನದ್ದು, ಹಳದಿ ಸಿಗ್ನಲ್ಲಿಗೂ ಬೇಕಾದದ್ದು ಅದೇ 75 ಓಮ್. ಎರಡು ತುದಿಗೆ ಆರ್‌ಸಿಎ ಪಿನ್ (ಎವಿ ವೈರಿಗೆ ಇರುವಂಥದ್ದೇ) ಹಾಕಿಸಿದರೆ ಹತ್ತು ಮೀಟರ್ ಆರಾಮಾಗಿ ಹೋಗುತ್ತದೆ.

ಆಂಟೆನಾ ಸಾಕೆಟ್ ಮಾತ್ರ ಇದ್ದರೆ

ಎವಿ ಇಲ್ಲದ ಟಿವಿಗೆ ಆರ್‌ಎಫ್ ಮಾಡ್ಯುಲೇಟರ್ ಬೇಕು. ಎವಿ ಸಿಗ್ನಲ್ಲನ್ನು ಒಂದು ಚಾನೆಲ್ ಆಗಿ ಬದಲಿಸಿ ಆಂಟೆನಾ ವೈರಿನಲ್ಲಿ ಕಳಿಸುವ ಡಬ್ಬಿ ಅದು. ಹಾಗಾದರೆ ಎಚ್‌ಡಿಎಂಐಗೆ ಒಂದು ಡಬ್ಬಿ, ಆರ್‌ಎಫ್‌ಗೆ ಇನ್ನೊಂದು, ಎರಡಕ್ಕೂ ಚಾರ್ಜರ್. ಮನೆಯಲ್ಲಿ ಹಳೇ ವಿಸಿಆರ್ ಇದ್ದರೆ ಅದರ ಎವಿ ಇನ್‌ಗೆ ಕೊಟ್ಟು ಆರ್‌ಎಫ್ ಔಟ್‌ನಿಂದ ಟಿವಿಗೆ ತರಬಹುದು, ಬೇರೆ ಕೊಳ್ಳುವುದು ಬೇಡ. ಚಿತ್ರ ಇನ್ನೂ ಮಸುಕಾಗುತ್ತದೆ, ಶಬ್ದ ಮೋನೋ ಆಗುತ್ತದೆ. ನೆನಪಿಗಾಗಿ ಇಟ್ಟುಕೊಂಡ ಟಿವಿಯಾದರೆ ಮಾಡಿ, ಇಲ್ಲದಿದ್ದರೆ ಎವಿ ಇರುವ ಇನ್ನೊಂದು ಹಳೇ ಟಿವಿ ಹುಡುಕುವುದೇ ಅಗ್ಗ.

ಕೆಲವು ರಿಪೇರಿಯವರು ಟಿವಿ ಬಿಚ್ಚಿ ಎವಿ ಸಾಕೆಟ್ ಕೂರಿಸಿಕೊಡುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ. ಆ ಕಾಲದ ಹಲವು ಟಿವಿಗಳ ಒಳಗಿನ ಚಾಸಿಸ್ ನೇರವಾಗಿ 230 ವೋಲ್ಟ್ ಲೈನಿಗೇ ಸೇರಿರುತ್ತದೆ. ಹೊರಗೆ ಸಾಕೆಟ್ ತಂದರೆ ಆ ಕರೆಂಟೂ ಹೊರಗೆ ಬರುತ್ತದೆ, ವೈರ್ ಹಿಡಿದು ಕಂಪ್ಯೂಟರಿನ ತನಕ. ನೀವೇ ಬಿಚ್ಚುವ ಯೋಚನೆಯೂ ಬೇಡ. ಬಣ್ಣದ ಟ್ಯೂಬಿನ ಮೇಲಿನ ರಬ್ಬರ್ ಟೊಪ್ಪಿಗೆಯ ಕೆಳಗೆ 20,000 ವೋಲ್ಟ್‌ಗೂ ಮೀರಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಅದು ಕೂಡಲೇ ಇಳಿಯುವುದಿಲ್ಲ.